ಗಡ್ಡೆಯಲ್ಲ, ಗುಳ್ಳೆ

ಸ್ಕ್ಯಾನಿಂಗ್ ಸೆಂಟರಿನವರು ಕೊಟ್ಟ ಕವರನ್ನು ಡಾಕ್ಟರ ಮುಂದೆಯೇ ಒಡೆಯುವಷ್ಟು ತಾಳ್ಮೆ ನಮ್ಮಲ್ಲಿ ಯಾರಿಗಿದೆ? ಚಿಕ್ಕಮ್ಮ ಆಟೋದಲ್ಲೇ ಒಡೆದರು. ಹೊಟ್ಟೆಯುರಿ ಬಿಡದೆ ಕಾಡುತ್ತಿತ್ತು. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಲು ಹೋಗಿದ್ದರು. ಕಲ್ಲು ಸಿಗಲಿಲ್ಲ, ಲಿವರಿನಲ್ಲಿ 2 ಸೆಂ.ಮೀ. ಅಗಲದ ‘ಸಿಂಪಲ್ ಸಿಸ್ಟ್’ ಸಿಕ್ಕಿತು. ‘ಲಿವರಲ್ಲಿ ಗಡ್ಡೆಯಂತೆ ಕಣೋ’ ಎಂದು ಫೋನಿನಲ್ಲಿ ಅತ್ತರು.

ಗಡ್ಡೆಯಾದರೆ ಒಳಗೆಲ್ಲ ಗಟ್ಟಿ. ಇದು ತಿಳಿನೀರು ತುಂಬಿದ ಗುಳ್ಳೆ. ಮಗು ಹೊಟ್ಟೆಯಲ್ಲಿರುವಾಗಲೇ ಲಿವರಿನೊಳಗೆ ಪಿತ್ತನಾಳಗಳ ಜಾಲ ಹೆಣೆದುಕೊಳ್ಳುತ್ತದೆ. ಆಗ ಜಾಲಕ್ಕೆ ಸೇರದೆ ಉಳಿದ ಯಾವುದೋ ಎಳೆ ಅಲ್ಲೇ ಮುಚ್ಚಿಕೊಂಡು, ವರ್ಷಗಟ್ಟಲೆ ಹನಿಹನಿಯಾಗಿ ದ್ರವ ತುಂಬಿಕೊಳ್ಳುತ್ತದೆ ಎನ್ನುತ್ತಾರೆ ವೈದ್ಯರು. 40 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಕುಡಿತಕ್ಕೂ ಇದಕ್ಕೂ ನಂಟಿಲ್ಲ. ಲಿವರ್ ಎಂದ ಕೂಡಲೇ ಹುಬ್ಬೇರಿಸುವ ನೆಂಟರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಲ್ಟ್ರಾಸೌಂಡಿನ ಧ್ವನಿತರಂಗ ನೀರಿನೊಳಗೆ ತಡೆಯಿಲ್ಲದೆ ಹಾಯುತ್ತದೆ. ಹಾಗಾಗಿ ಗುಳ್ಳೆ ಪರದೆಯ ಮೇಲೆ ಕಡುಕಪ್ಪು, ಅದರ ಹಿಂಬದಿ ಬೆಳ್ಳಗೆ. ಗೋಡೆ ತೆಳು, ಒಳಗೆ ಅಡ್ಡಗೋಡೆಯಿಲ್ಲ, ಗಟ್ಟಿ ಭಾಗವೂ ಇಲ್ಲವೆಂದರೆ ಅದು ‘ಸಿಂಪಲ್’. ಇಡೀ ರಿಪೋರ್ಟಿನಲ್ಲಿ ಸಮಾಧಾನ ಕೊಡುವ ಪದವೇ ಅದು. ಚಿಕ್ಕಮ್ಮ ಅದನ್ನು ದಾಟಿಕೊಂಡು ಮುಂದಿನದನ್ನು ಓದಿದ್ದರು. ತೊಂದರೆ ಕೊಡದ ಇಂಥ ಗುಳ್ಳೆಗೆ ಮತ್ತೆ ಮತ್ತೆ ಸ್ಕ್ಯಾನ್ ಕೂಡ ಬೇಡವೆಂದು ಯುರೋಪಿನ ಲಿವರ್ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ದೊಡ್ಡದಾಗಿ ಬೆಳೆದು ಜಠರವನ್ನು ಒತ್ತಿದರೆ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ, ನೋವೂ ಬರಬಹುದು. ಸೂಜಿಯಿಂದ ನೀರು ತೆಗೆದರಷ್ಟೇ ಸಾಲದು, ಮತ್ತೆ ತುಂಬುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಗುಳ್ಳೆಯ ಮೇಲ್ಛಾವಣಿ ಕತ್ತರಿಸಿ ತೆಗೆಯುವುದುಂಟು.

ಎಲ್ಲ ಗುಳ್ಳೆಯೂ ಸಾಧುವಲ್ಲ. ಲಿವರಿನ ತುಂಬ ಗುಳ್ಳೆಗಳಿದ್ದರೆ ಕಿಡ್ನಿಯನ್ನೂ ನೋಡಬೇಕು. ಅದು ವಂಶಪಾರಂಪರ್ಯ ಕಾಯಿಲೆಯಿರಬಹುದು. ಕುರಿ ಸಾಕುವ ಊರುಗಳಲ್ಲಿ ಇನ್ನೊಂದು ಬಗೆಯಿದೆ: ಹೈಡಾಟಿಡ್. ಕುರಿಯ ಲಿವರು, ಶ್ವಾಸಕೋಶ ತಿಂದ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಕೈಗೆ, ಸೊಪ್ಪಿಗೆ ತಗುಲಿ ನಮ್ಮ ಹೊಟ್ಟೆ ಸೇರಿದರೆ ಲಿವರಿನಲ್ಲಿ ಗೂಡು ಕಟ್ಟುತ್ತದೆ. ಗುಳ್ಳೆಯೊಳಗೆ ಮರಿಗುಳ್ಳೆಗಳು. ಅದು ಒಡೆದು ದ್ರವ ಚೆಲ್ಲಿದರೆ ಪ್ರಾಣಕ್ಕೇ ಕುತ್ತು ತರುವ ಅಲರ್ಜಿಯಾದೀತು. ಇದಕ್ಕೆ ಚಿಕಿತ್ಸೆಯೂ ಬೇರೆ, ಎಚ್ಚರವೂ ಬೇರೆ.

ಚಿಕ್ಕಮ್ಮನದು ಅದಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ನೆಲನೆಲ್ಲಿ ಕಷಾಯ ಶುರುಮಾಡಿಸಿಯಾಗಿತ್ತು. ಕಾಮಾಲೆಗೆಂದು ಕುಡಿಯುವ ಆ ಕಷಾಯಕ್ಕೆ ಗುಳ್ಳೆ ಕರಗುವುದಿಲ್ಲ. ಡಾಕ್ಟರು ಗುಳ್ಳೆಯ ಬಗ್ಗೆ ಅರ್ಧ ನಿಮಿಷ ಮಾತಾಡಿದರಂತೆ. ಉಳಿದ ಹೊತ್ತೆಲ್ಲ ಖಾಲಿ ಹೊಟ್ಟೆಯ ಕಾಫಿಯ ಬಗ್ಗೆ. ಈ ಎರಡನೆಯ ಭಾಗ ನನಗೆ ಗೊತ್ತಾದದ್ದು ಚಿಕ್ಕಪ್ಪನಿಂದ.