ಅವರೆ ಬೇರಿನ ಗಂಟಿನೊಳಗೆ ಗೊಬ್ಬರದ ಕಾರ್ಖಾನೆ

ಬೆಂಗಳೂರು: ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆ ಸಾಗಿದರೆ ಬಡಾವಣೆಗಳ ನಡುವೆ ಉಳಿದಿರುವ ರಾಗಿ ಹೊಲಗಳು ಕಣ್ಣಿಗೆ ಬೀಳುತ್ತವೆ. ರಾಗಿಯ ಮಧ್ಯೆ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡುವುದು ಈ ಸೀಮೆಯ ಹಳೆಯ ಪದ್ಧತಿ. ಅದರ ಗುಟ್ಟು ಅವರೆಯ ಬೇರಿನಲ್ಲಿದೆ.

ಬೇರಿನ ಸಣ್ಣ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಈ ಜೀವಿಗಳು ಅದನ್ನು ಅಮೋನಿಯಾ ರೂಪಕ್ಕೆ ತಂದು ಗಿಡಕ್ಕೆ ಒದಗಿಸುತ್ತವೆ. ಪ್ರತಿಯಾಗಿ ಗಿಡದಿಂದ ಆಹಾರ ಪಡೆಯುತ್ತವೆ. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆಯುತ್ತಿದೆ ಎಂದರ್ಥ. ಯೂರಿಯಾ ಅತಿಯಾದರೆ ಗಂಟು ಕಟ್ಟುವುದೇ ಕುಗ್ಗುತ್ತದೆ. ಪುಕ್ಕಟೆ ಸಿಗುವಾಗ ದುಡಿಯುವವರಾರು?

ರಾಗಿಯ ಬೇರಿನಲ್ಲಿ ಇಂತಹ ಗಂಟುಗಳಿಲ್ಲ. ಬೇರಿನ ಸುತ್ತ ಬದುಕುವ ಅಜೋಸ್ಪಿರಿಲಂ ಅದಕ್ಕೆ ಆಸರೆ. ಕೆಂಪು ಮಣ್ಣಿನಲ್ಲಿ ಕಬ್ಬಿಣದೊಂದಿಗೆ ಬೆಸೆದುಕೊಂಡ ರಂಜಕವನ್ನು ಬಿಡಿಸಿಕೊಡುವ ಬ್ಯಾಕ್ಟೀರಿಯಾಗಳೂ ಉಂಟು. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಇಂತಹ ಜೈವಿಕ ಗೊಬ್ಬರಗಳನ್ನು ರೈತರಿಗೆ ಒದಗಿಸುತ್ತದೆ. ಆರಿದ ಬೆಲ್ಲದ ಪಾಕದೊಂದಿಗೆ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ ಬಿತ್ತಬೇಕು.

ತೊಡಕಿರುವುದು ಅಂಗಡಿಯಲ್ಲಿ. ಇದು ಜೀವಂತ ಸರಕು. ಬಿಸಿಲಿಗೆ ಬಿದ್ದರೆ, ಅವಧಿ ಮೀರಿದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಪೊಟ್ಟಣದ ಮೇಲಿನ ದಿನಾಂಕ ನೋಡದೆ ಕೊಂಡ ರೈತನ ಕೈಗೆ ಸಿಗುವುದು ಬರಿಯ ಕಪ್ಪು ಪುಡಿ.