ಬಲೂನಿಗೆ ಒಪ್ಪುವ ಶಾಯಿ

ಫೆಬ್ರುವರಿ 27ರ ಸಂಜೆ. ಸುಳ್ಯ ಪೇಟೆಯ ಸ್ಟೇಷನರಿ ಅಂಗಡಿಯೊಂದರ ಗಾಜಿನ ಕೌಂಟರಿನ ಮೇಲೆ ಮಾರ್ಕರುಗಳ ಡಬ್ಬಿಗಳು ಒಂದರ ಪಕ್ಕ ಒಂದು ಬಂದು ಕೂರುತ್ತಿವೆ. ಬೆಳಗಾದರೆ ರಾಷ್ಟ್ರೀಯ ವಿಜ್ಞಾನ ದಿನ. ಸರ್ಕಾರಿ ಶಾಲೆಯ ಟೀಚರೊಬ್ಬರು ಚೀಟಿ ಹಿಡಿದು ನಿಂತಿದ್ದಾರೆ. ಏಳನೇ ಕ್ಲಾಸಿನವರು ಹಿಗ್ಗುವ ವಿಶ್ವವನ್ನು ಬಲೂನಿನ ಮೇಲೆ ತೋರಿಸುತ್ತಾರಂತೆ. ಅದನ್ನು ಕೇಳಿದ ಒಂದನೇ ಕ್ಲಾಸಿನವರು ತಮಗೂ ಬಲೂನು ಬೇಕು, ಅದರ ಮೇಲೆ ಬೆಕ್ಕಿನ ಮುಖ ಬರೆಯಬೇಕು ಎಂದು ಹಟ ಹಿಡಿದಿದ್ದಾರೆ.

"ಎಂತದ್ದು ಕೊಡ್ಲಿ ಟೀಚರ್, ಪರ್ಮನೆಂಟಾ, ವೈಟ್‌ಬೋರ್ಡಿದ್ದಾ?"

"ಬಲೂನಿನ ಮೇಲೆ ಬರೀಲಿಕ್ಕೆ."

"ಅದಕ್ಕೆ ಯಾವುದಾದ್ರೂ ಆಗ್ತದಲ್ಲ?"

"ಆಗೂದಿಲ್ಲ ಮಾರಾಯ್ರೆ. ಒಂದು ಬಲೂನು ಊದಿ ಕೊಡಿ, ಇಲ್ಲೇ ನೋಡುವ."

ಅಂಗಡಿಯವರು ಹಳದಿ ಬಲೂನೊಂದನ್ನು ಊದಿ ಗಂಟು ಹಾಕಿದರು. ಟೀಚರ್ ಮೊದಲು ತೆಗೆದದ್ದು ಸ್ಕೆಚ್ ಪೆನ್. ಮಕ್ಕಳ ಬ್ಯಾಗಿನಲ್ಲಿರುವುದು ಅದೇ ಆದ್ದರಿಂದ ಅದಕ್ಕೇ ಮೊದಲ ಸರದಿ. ನೀಲಿ ಗೆರೆ ಮೂಡಿತು, ಮರುಗಳಿಗೆಯಲ್ಲೇ ತುಂಡು ತುಂಡಾಗಿ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟಿತು. ಕಾಗದವಾದರೆ ಶಾಯಿಯನ್ನು ನಾರಿನ ಸಂದಿಗೆ ಎಳೆದುಕೊಳ್ಳುತ್ತದೆ. ರಬ್ಬರು ಒಂದು ಹನಿಯನ್ನೂ ಕುಡಿಯುವುದಿಲ್ಲ. ಬಲೂನಿನ ಮೇಲಿನ ಶಾಯಿ ಹೊರಮೈಯಲ್ಲೇ ಹರಡಿ ಅಲ್ಲೇ ಒಣಗಿ ಅಲ್ಲೇ ಕಚ್ಚಿಕೊಳ್ಳಬೇಕು. ನೀರಿನ ಶಾಯಿಗೆ ಈ ಮೂರರಲ್ಲಿ ಒಂದೂ ಬರುವುದಿಲ್ಲ.

ವೈಟ್‌ಬೋರ್ಡ್ ಮಾರ್ಕರ್ ಇನ್ನೂ ಮೋಸದ್ದು. ಕಪ್ಪಗೆ, ದಪ್ಪಗೆ ಚೆಂದವಾಗಿ ಬರೆಯುತ್ತದೆ. ಒಣಗಿದ ಮೇಲೆ ಬೆರಳು ತಾಗಿದರೆ ಸಾಕು, ಪುಡಿಯಾಗಿ ಎದ್ದು ಬರುತ್ತದೆ. ಒರೆಸಿದರೆ ಹೋಗಬೇಕೆಂದೇ ಮಾಡಿದ ಶಾಯಿ ಅದು. ಬೆಕ್ಕಿನ ಮೀಸೆ ಮಗುವಿನ ಬಿಳಿ ಅಂಗಿಗೆ ಹತ್ತಿ ಮನೆಗೆ ಹೋಗುತ್ತದೆ.

ಮೂರನೆಯದು ಪರ್ಮನೆಂಟ್ ಮಾರ್ಕರ್. ಮುಚ್ಚಳ ತೆಗೆದ ಕೂಡಲೇ ಸ್ಪಿರಿಟ್ಟಿನ ವಾಸನೆ. ಆಲ್ಕೋಹಾಲು ರಬ್ಬರಿನ ಮೇಲೆ ಹನಿಗಟ್ಟದೆ ತೆಳ್ಳಗೆ ಹರಡಿ ಬೇಗ ಆರಿಹೋಗುತ್ತದೆ, ಹೋಗುವಾಗ ಬಣ್ಣವನ್ನೂ ಅದನ್ನು ಹಿಡಿದಿಡುವ ಅಂಟನ್ನೂ ಬಿಟ್ಟುಹೋಗುತ್ತದೆ. ಟೀಚರ್ ತುಸು ತಾಳಿ ಹೆಬ್ಬೆರಳಿನಿಂದ ಉಜ್ಜಿದರು. ಗೆರೆ ಕದಲಲಿಲ್ಲ. ಕಾಗದದ ಮೇಲಿನಷ್ಟು ಬೇಗ ಒಣಗುವುದಿಲ್ಲವಾದ್ದರಿಂದ ಆ ತುಸು ತಾಳ್ಮೆ ಇರಲೇಬೇಕು. ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಬೇಕು, ಅವರ ಅಂಗೈ ಹಸಿ ಗೆರೆಯ ಮೇಲೆಯೇ ಸಾಗುತ್ತದೆ.

ಇಷ್ಟಾದಾಗ ಅಂಗಡಿಯವರಿಗೂ ಉಮೇದು ಬಂತು. ಒಳಗಿನ ಕಪಾಟಿನಿಂದ ಬಿಳಿ ಪೇಂಟ್ ಮಾರ್ಕರ್ ತಂದರು. ಗ್ಯಾರೇಜಿನವರು ಟಯರಿನ ಮೇಲೆ, ಕಬ್ಬಿಣದ ಮೇಲೆ ಗುರುತು ಹಾಕುವಂಥದ್ದು. "ಇದು ಯಾವುದರ ಮೇಲೂ ನಿಲ್ತದೆ."

"ಬೇಡ ಅಣ್ಣ, ಅದರಲ್ಲಿ ಥಿನ್ನರ್ ಉಂಟು."

ಅವರು ಬೇಡವೆಂದದ್ದೇ ಸರಿ. ಇಂಥ ಎಣ್ಣೆ ಬಣ್ಣದ ಮಾರ್ಕರುಗಳಲ್ಲಿ ಸಾಮಾನ್ಯವಾಗಿ ಕ್ಸೈಲೀನಿನ ಜಾತಿಯ ದ್ರಾವಕ ಇರುತ್ತದೆ. ರಬ್ಬರೂ ಹೈಡ್ರೋಕಾರ್ಬನ್, ಕ್ಸೈಲೀನೂ ಹೈಡ್ರೋಕಾರ್ಬನ್. ಒಂದೇ ಕುಲದವಾದ್ದರಿಂದ ದ್ರಾವಕ ರಬ್ಬರಿನೊಳಕ್ಕೆ ಇಳಿದು ಅದನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಟಯರಿನ ದಪ್ಪಕ್ಕೆ ಅದು ಲೆಕ್ಕಕ್ಕಿಲ್ಲ, ಊದಿದ ಬಲೂನಿನ ಪದರಕ್ಕೆ ಅಷ್ಟೇ ಸಾಕು, ಒಡೆಯುತ್ತದೆ. ನಂಬದವರು ಕಿತ್ತಳೆ ಸಿಪ್ಪೆಯನ್ನು ಬಲೂನಿನ ಹತ್ತಿರ ಹಿಡಿದು ಚಿಮುಕಿಸಿ ನೋಡಬಹುದು. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೋನೀನ್ ಮಾಡುವುದೂ ಇದೇ ಕೆಲಸ. ವಿಜ್ಞಾನ ದಿನಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಮ್ಮತ್ತಿನ ಪ್ರಯೋಗ ನನಗೆ ಗೊತ್ತಿಲ್ಲ.

ಈ ತೆಳುವಾದ ಮೈ ಹುಟ್ಟಿದ ಬಗೆಯನ್ನು ಸುಳ್ಯದ ಮಕ್ಕಳಿಗೆ ವಿವರಿಸುವುದು ಸುಲಭ. ಶಾಲೆಗೆ ಬರುವ ದಾರಿಯ ಎರಡೂ ಬದಿಗೆ ರಬ್ಬರ್ ತೋಟಗಳಿವೆ. ಮರಕ್ಕೆ ಗೀರಿದಾಗ ಚಿಪ್ಪಿಗೆ ಇಳಿಯುವ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ರಬ್ಬರು, ಉಳಿದದ್ದು ಬಹುಪಾಲು ನೀರು. ಬಲೂನಿಗೆ ಹಾಲು ಹೆಪ್ಪುಗಟ್ಟಿಸಿ ಮಾಡಿದ ಶೀಟ್ ಆಗುವುದಿಲ್ಲ. ಹಾಲು ಗಟ್ಟಿಯಾಗದಂತೆ ಅಮೋನಿಯಾ ಬೆರೆಸಿ, ಯಂತ್ರದಲ್ಲಿ ತಿರುಗಿಸಿ, ರಬ್ಬರಿನ ಪಾಲನ್ನು ಶೇ 60ಕ್ಕೆ ಏರಿಸಿ, ಅದರಲ್ಲಿ ಬಲೂನಿನ ಅಚ್ಚುಗಳನ್ನು ಅದ್ದಿ ತೆಗೆಯುತ್ತಾರೆ. ಅದ್ದಿದ ಹಾಲು ಅಚ್ಚಿನ ತುದಿಗೆ ಇಳಿಯುವುದರಿಂದ ಬಲೂನಿನ ನೆತ್ತಿ ದಪ್ಪ. ಊದಿದ ಬಲೂನಿನಲ್ಲಿ ನೆತ್ತಿಯ ಬಣ್ಣ ಗಾಢವಾಗಿ ಕಾಣುವುದು ಇದಕ್ಕೇ. ಕೊರಳೂ ಹೆಚ್ಚು ಹಿಗ್ಗುವುದಿಲ್ಲ. ಅತಿ ತೆಳುವು ಹೊಟ್ಟೆಯ ಸುತ್ತು, ನಾವು ಚಿತ್ರ ಬರೆಯುವುದೂ ಸರಿಯಾಗಿ ಅಲ್ಲೇ. ಹಾಗಾಗಿ ಪೆನ್ನಿನ ಮೂತಿ ಮುಖ್ಯ. ಗುಂಡಗಿನ ಮೆತ್ತನೆಯ ಮೂತಿ ಒತ್ತಡವನ್ನು ಹಂಚಿಕೊಂಡು ಜಾರುತ್ತದೆ. ಸಿಡಿ ಮಾರ್ಕರಿನ ಸೂಜಿಮೂತಿ ಕಣ್ಣಿನ ರೆಪ್ಪೆಗೆ, ಮೀಸೆಗೆ ಒದಗುತ್ತದೆ, ಆದರೆ ಅದನ್ನು ದೊಡ್ಡವರ ಕೈಯಲ್ಲೇ ಇಡುವುದು ಕ್ಷೇಮ. ಒಂದನೇ ಕ್ಲಾಸಿನ ಮಕ್ಕಳು ಪೆನ್ನನ್ನು ಒತ್ತಿಯೇ ಬರೆಯುವವರು.

ಪುಡಿಯ ಕಾಟವೂ ಉಂಟು. 1824ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಮೊದಲ ರಬ್ಬರ್ ಬಲೂನನ್ನು ಮಾಡಿದಾಗ ಒಳಮೈ ಒಂದಕ್ಕೊಂದು ಅಂಟದಿರಲೆಂದು ಹಿಟ್ಟು ಸವರಿದ್ದ. ಈಗಲೂ ಬಲೂನುಗಳಿಗೆ ಪುಡಿ ಹಚ್ಚುತ್ತಾರೆ. ಹೊರಗೆ ಉಳಿದ ಪುಡಿ ಮಾರ್ಕರಿನ ಮೂತಿಗೆ ಮೆತ್ತಿಕೊಂಡು ಶಾಯಿಯ ದಾರಿ ಕಟ್ಟುತ್ತದೆ. ಬರೆಯುವ ಮುಂಚೆ ಒಣ ಹತ್ತಿ ಬಟ್ಟೆಯಿಂದ ಒರೆಸಿಕೊಂಡರೆ ಪೆನ್ನಿಗೂ ಆಯುಸ್ಸು.

ಬೆಕ್ಕು ಬರೆಯುವ ಕ್ರಮ ಹೀಗೆ: ಬಲೂನನ್ನು ಮುಕ್ಕಾಲು ಊದಿ, ಬಾಯಿ ಹಿಡಿದುಕೊಂಡು ಬರೆದು, ಒಣಗಿದ ಮೇಲೆ ತುಸು ಗಾಳಿ ಬಿಟ್ಟು ಗಂಟು ಹಾಕುವುದು. ಮೈ ಕುಗ್ಗಿದಷ್ಟೂ ಗೆರೆ ಒತ್ತಾಗಿ ಕಪ್ಪೇರುತ್ತದೆ. ಊದುವ ಮೊದಲೇ ಬರೆದರೆ ತದ್ವಿರುದ್ಧ. ಅಡ್ಡಳತೆ ಮೂರು ಪಟ್ಟು ಹಿಗ್ಗಿದರೆ ಮೈಯ ಹರವು ಒಂಬತ್ತು ಪಟ್ಟಾಗುತ್ತದೆ, ಅಷ್ಟೇ ಶಾಯಿ ಒಂಬತ್ತು ಪಟ್ಟು ಜಾಗಕ್ಕೆ ಹಂಚಿ ಬೂದಿಬಣ್ಣಕ್ಕೆ ತಿರುಗುತ್ತದೆ. ಈ ಮಕ್ಕಳ ಬೆಕ್ಕಿಗೆ ದೊಡ್ಡ ವಂಶಾವಳಿಯೇ ಇದೆ. 1931ರಲ್ಲಿ ಅಮೆರಿಕದ ನೀಲ್ ಟಿಲೊಟ್ಸನ್ ರಬ್ಬರ್ ಹಾಲಿನಲ್ಲಿ ಅಚ್ಚು ಅದ್ದಿ ಮಾಡಿದ ಮೊದಲ ಬಲೂನು ಬೆಕ್ಕಿನ ತಲೆಯ ಆಕಾರದ್ದು.

ಉಳಿದದ್ದು ವಿಶ್ವ. ಅದಕ್ಕೆ ಕಪ್ಪು ಬಲೂನೇ ಆಗಬೇಕೆಂದು ಏಳನೇ ಕ್ಲಾಸಿನವರ ಬೇಡಿಕೆ. ಪರ್ಮನೆಂಟ್ ಮಾರ್ಕರಿನ ಬಣ್ಣ ಪಾರದರ್ಶಕ, ಕಪ್ಪಿನ ಮೇಲೆ ಕಾಣುವುದೇ ಇಲ್ಲ. ನೀರು ಬೆರೆತ ಅಕ್ರಿಲಿಕ್ ಮಾರ್ಕರಿನ ಬಿಳಿ ಚೆನ್ನಾಗಿ ಕಾಣುತ್ತದೆ, ರಬ್ಬರಿಗೂ ಅಪಾಯವಿಲ್ಲ. ಆದರೆ ಅದು ಒಣಗಿ ಪೊರೆಯಾಗುತ್ತದೆ, ಮತ್ತೆ ಊದಿದರೆ ಆ ಪೊರೆ ಬಿರಿಯುತ್ತದೆ. ಬಿರಿಯದ ಶಾಯಿಯಲ್ಲೂ ಒಂದು ತಪ್ಪು ಅಡಗಿದೆ. ಊದಿದಂತೆ ಗೆಲಾಕ್ಸಿಯೆಂದು ಇಟ್ಟ ಚುಕ್ಕೆಯೂ ದೊಡ್ಡದಾಗುತ್ತದೆ. ಗೆಲಾಕ್ಸಿಗಳು ಒಂದರಿಂದೊಂದು ದೂರ ಸರಿಯುತ್ತವೆ ಎಂದು ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದ, ಅದನ್ನು ಬಲೂನಿನ ಹೋಲಿಕೆ ಕೊಟ್ಟು ಜನರಿಗೆ ತಿಳಿಸಿದವರಲ್ಲಿ ಆರ್ಥರ್ ಎಡಿಂಗ್ಟನ್ ಪ್ರಮುಖ. ಆದರೆ ಗೆಲಾಕ್ಸಿ ತಾನೇ ಹಿಗ್ಗುವುದಿಲ್ಲ, ಗುರುತ್ವ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಿಗ್ಗುವುದು ನಡುವಿನ ಜಾಗ. ಶಾಯಿಯ ಚುಕ್ಕೆ ಮಕ್ಕಳಿಗೆ ಈ ವ್ಯತ್ಯಾಸವನ್ನು ಮುಚ್ಚಿಡುತ್ತದೆ.

ಟೀಚರ್ ಗುಂಡುಮೂತಿಯ ಕಪ್ಪು ಪರ್ಮನೆಂಟ್ ಮಾರ್ಕರುಗಳನ್ನೂ ಮೀಸೆಗೆಂದು ಒಂದು ಸಿಡಿ ಮಾರ್ಕರನ್ನೂ ಬಿಲ್ ಮಾಡಿಸಿದರು.

"ವಿಶ್ವಕ್ಕೆ ಯಾವುದು ಟೀಚರ್?"

"ಅದಕ್ಕೆ ಮಾರ್ಕರ್ ಬೇಡ. ಪಕ್ಕದ ಫ್ಯಾನ್ಸಿಯಲ್ಲಿ ಬಿಳಿ ಕಲ್ಲಿನ ಸ್ಟಿಕ್ಕರ್ ಬೊಟ್ಟು ಉಂಟಾ ನೋಡ್ತೇನೆ. ಬಲೂನು ಎಷ್ಟು ದೊಡ್ಡದಾದ್ರೂ ಬೊಟ್ಟು ಇದ್ದಷ್ಟೇ ಇರ್ತದೆ."