ಒಗಟಿನ ಹಾಳೆ, ಕಾಣಿಕೆಯ ಡಬ್ಬಿ

ಕಠಿಣವಾದ ಒಗಟಿಗೆ ಒಮ್ಮೆ ಸಿಕ್ಕಿಕೊಂಡವರಿಗೆ ಊಟದ ಹೊತ್ತು ತಿಳಿಯುವುದಿಲ್ಲ. ಇದೂ ಒಂದು ಬಗೆಯ ಚಟವೇ ಸರಿ. ಆದರೆ ಈ ಚಟದಿಂದ ಬಡವರ ಮನೆಯ ಒಲೆ ಉರಿಯುವುದಾದರೆ ಅದನ್ನು ಬಿಡಿಸುವ ಗೋಜಿಗೆ ನಾವು ಹೋಗುವುದಿಲ್ಲ.

ಬ್ರಿಟನ್ನಿನ ಸಣ್ಣ ಊರುಗಳಲ್ಲಿ ಒಂದು ರೂಢಿಯುಂಟು. ದೇವಾಲಯದ ಮಾಡಿನ ದುರಸ್ತಿಗೋ, ಮರಣಾಸನ್ನರ ಶುಶ್ರೂಷೆಗೋ ಹಣ ಬೇಕಾದಾಗ ಐವತ್ತು, ನೂರು ಒಗಟುಗಳನ್ನು ಮುದ್ರಿಸಿದ ಹಾಳೆಯನ್ನು ಒಂದು ಪೌಂಡಿಗೆ ಮಾರುತ್ತಾರೆ. ಉತ್ತರಗಳೆಲ್ಲ ಸಾಮಾನ್ಯವಾಗಿ ಒಂದೇ ಗುಂಪಿಗೆ ಸೇರಿದವು: ಎಲ್ಲವೂ ಮೀನು, ಇಲ್ಲವೇ ಎಲ್ಲವೂ ಮರ. ಕೊಂಡವರು ವಾರಗಟ್ಟಲೆ ತಲೆ ಕೆರೆದುಕೊಂಡು ಬಿಡಿಸಿ ಕಳುಹಿಸುತ್ತಾರೆ. ಬಹುಮಾನ ಅಲ್ಪ, ಅದಕ್ಕಾಗಿ ಯಾರೂ ಹಾಳೆ ಕೊಳ್ಳುವುದಿಲ್ಲ.

ನಮ್ಮ ದೇಶದ ಸಾರ್ವಜನಿಕ ರಸಪ್ರಶ್ನೆಯ ತವರೂ ಕಥೋಲಿಕ ಧರ್ಮಕೇಂದ್ರವೇ ಎಂಬುದನ್ನು ಬಲ್ಲವರು ಕಡಿಮೆ. 1967ರಲ್ಲಿ ನೀಲ್ ಓಬ್ರಯನ್ ಅವರು ಮೊದಲ ಮುಕ್ತ ಸ್ಪರ್ಧೆಯನ್ನು ನಡೆಸಿದ್ದು ಕಲ್ಕತ್ತೆಯ ಕ್ರಿಸ್ತರಾಜ ದೇವಾಲಯದ ಸಭಾಂಗಣದಲ್ಲಿ. ಬೆಂಗಳೂರಿನಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. 2002ರಲ್ಲಿ ಚಂದನ ವಾಹಿನಿಯಲ್ಲಿ ಆರಂಭವಾದ ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ ಪುಸ್ತಕವನ್ನೇ ಬಹುಮಾನವಾಗಿಸಿ ಈ ಹವ್ಯಾಸವನ್ನು ಹಳ್ಳಿಯ ಪಡಸಾಲೆಗೂ ತಂದಿತು.

ಆದರೆ ನಾವು ಹೇಳುತ್ತಿರುವ ಹಾಳೆಯ ಒಗಟುಗಳು ಥಟ್ಟನೆ ಹೇಳುವಂಥವಲ್ಲ. ‘ಕೆರೆಯ ಮುಂದೆ ರಾಣಿ ನಿಂತಳು, ರೈಲೂ ನಿಂತಿತು’ ಎಂದರೆ ಅರಸೀಕೆರೆಯವರು ಕೂಡ ಅರೆಗಳಿಗೆ ಯೋಚಿಸಬೇಕು. ‘ಈಗ ಮುದಿ ಬೀಡು, ಯೌವನದಲ್ಲಿ ಸಮುದ್ರ’ ಎಂಬುದು ದ್ವಾರಸಮುದ್ರವೆಂಬ ಹಳೆಯ ಹೆಸರನ್ನು ಬಲ್ಲವರಿಗಷ್ಟೇ ಹಳೇಬೀಡು. ‘ಬೇಲಿಯ ತುದಿ ಸವೆದು ಊರಿಗೆ ಸೇರಿತು’ ಎಂಬುದನ್ನು ಬೇಲೂರಿನ ಮಕ್ಕಳಿಗೇ ಬಿಡೋಣ. ‘ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ದೇವಾಲಯ’ ಎಂದೊಡನೆ ಹೇಮಾವತಿಯ ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿಯನ್ನು ನಮ್ಮ ಹಿರಿಯರು ನೆನೆಯುತ್ತಾರೆ. ಆಮೇಲೆ ಒಗಟು ಪಕ್ಕಕ್ಕೆ ಸರಿದು ಅವರ ಕಥೆಯೇ ಮುಂದುವರಿಯುತ್ತದೆ. ಅದೂ ಆಗಬೇಕಾದದ್ದೇ.

ಪ್ರಶ್ನೆ ಸುಲಭವಾಗಿದ್ದರೆ ಮನೆಯಲ್ಲಿ ಒಬ್ಬರೇ ಕುಳಿತು ಬಿಡಿಸಿ ಮುಗಿಸುತ್ತೇವೆ. ಕಠಿಣವಾದಾಗ ನೆರೆಮನೆಯ ಬಾಗಿಲು ತಟ್ಟಲೇಬೇಕು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರಿಗೆ ತಿಳಿದದ್ದು ಶಾಲೆಯ ಹುಡುಗಿಗೆ ತಿಳಿಯದು. ಅವಳಿಗೆ ಹೊಳೆದದ್ದು ಅವರಿಗೆ ಹೊಳೆಯದು. ಮನೆಯಲ್ಲಿ ಕೊಂಕಣಿ, ತಮಿಳು, ಮಲೆಯಾಳ ಆಡುವ ಕುಟುಂಬಗಳು ಒಂದೇ ಕನ್ನಡ ಒಗಟಿನ ಸುತ್ತ ಕೂಡುತ್ತವೆ. (ಮೊಬೈಲ್ ಒತ್ತಿ ಉತ್ತರ ತೆಗೆಯುವವರ ಮಾತು ಇಲ್ಲಿ ಬೇಡ. ಅವರು ಹಣ ಕೊಟ್ಟು ಕೊಂಡ ಸುಖವನ್ನು ತಾವೇ ಕಳೆದುಕೊಳ್ಳುತ್ತಾರೆ.)

ದಾನಕ್ಕೆ ಆಟದ ಆಮಿಷವೇಕೆ ಎಂದು ಕೇಳುವವರುಂಟು. ಹಗುರವಾದ ಆಕ್ಷೇಪವಲ್ಲ ಇದು. ಜರ್ಮನಿಯ ತತ್ತ್ವಜ್ಞ ಕಾಂಟ್‌ನ ದೃಷ್ಟಿಯಲ್ಲಿ, ಬರಿಯ ಮನದ ಒಲವಿನಿಂದ ಮಾಡಿದ ಒಳಿತಿಗೆ ನೈತಿಕ ಬೆಲೆಯಿಲ್ಲ. ಕರ್ತವ್ಯವೆಂದು ಮಾಡಿದ್ದಕ್ಕಷ್ಟೇ ಬೆಲೆ. ನಮಗೆ ಸಂತ ತೋಮಸ್ ಅಕ್ವಿನಾಸರ ಹಾದಿ ಹೆಚ್ಚು ಮಾನವೀಯವಾಗಿ ಕಾಣುತ್ತದೆ. ದಣಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಆತ್ಮಕ್ಕೆ ವಿನೋದ ಬೇಕು, ಮಿತವರಿತ ವಿನೋದವೂ ಒಂದು ಸದ್ಗುಣವೆಂದು ಅವರು ಅರಿಸ್ಟಾಟಲನನ್ನು ಅನುಸರಿಸಿ ಬೋಧಿಸಿದರು. ಬಲಗೈ ಕೊಟ್ಟದ್ದನ್ನು ಎಡಗೈ ಅರಿಯಬಾರದೆಂಬ ಪ್ರಭು ಯೇಸುವಿನ ಮಾತನ್ನು ಪಾಲಿಸುವುದು ಎಷ್ಟು ಕಷ್ಟ! ಒಗಟಿನ ಹಾಳೆ ಕೊಂಡವರಿಗೆ ಮಾತ್ರ ತಾವು ದಾನ ಮಾಡಿದೆವೆಂಬ ನೆನಪೇ ಇರುವುದಿಲ್ಲ. ಹದಿನೇಳನೆಯ ಪ್ರಶ್ನೆಯಲ್ಲಿ ಅವರ ಎರಡು ಕೈಗಳೂ ಮುಳುಗಿರುತ್ತವೆ. ಆದರೆ ಬುದ್ಧಿಯ ಜಂಬ ಬಂದು ಕೂತರೆ ಕಷ್ಟ. ನ್ಯಾಯಸ್ಥಾಪಕರ ಗ್ರಂಥದಲ್ಲಿ ಸಂಸೋನನು ಮದುವೆಯ ಮನೆಯಲ್ಲಿ ಮೂವತ್ತು ಉಡುಪುಗಳ ಪಣಕ್ಕೆ ಒಡ್ಡಿದ ಒಗಟು ಮೂವತ್ತು ಜನರ ಕೊಲೆಯಲ್ಲಿ ಮುಗಿಯಿತು. ಶೆಬದ ರಾಣಿಯಾದರೋ ಸೊಲೊಮೋನನನ್ನು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸಿ, ಉತ್ತರಗಳಿಗೆ ಬೆರಗಾಗಿ, ತಾನೇ ಬಂಗಾರ ಕೊಟ್ಟು ಹೋದಳು.

ಸಂತ ವಿನ್ಸೆಂಟ್ ದೆ ಪೌಲ್ ಸಭೆ ಹುಟ್ಟಿದ್ದೂ ಬುದ್ಧಿಯ ಕೂಟವೊಂದರಿಂದಲೇ. ಪ್ಯಾರಿಸ್ಸಿನ ವಿದ್ಯಾರ್ಥಿಗಳು ಚರಿತ್ರೆಯ ಬಗ್ಗೆ ವಾದ ನಡೆಸುತ್ತಿದ್ದಾಗ, ‘ನಿಮ್ಮ ಧರ್ಮಸಭೆ ಈಗ ಬಡವರಿಗಾಗಿ ಏನು ಮಾಡುತ್ತಿದೆ?’ ಎಂಬ ಸವಾಲು ಎದುರಾಯಿತು. ವಾದದಿಂದ ಇದಕ್ಕೆ ಉತ್ತರ ಸಿಗದೆಂದು ಅರಿತ ಇಪ್ಪತ್ತರ ಯುವಕ ಫ್ರೆಡೆರಿಕ್ ಓಜನಾಂ 1833ರಲ್ಲಿ ಸಂಗಡಿಗರೊಡನೆ ಬಡವರ ಮನೆಗಳತ್ತ ನಡೆದರು. 1997ರಲ್ಲಿ ಅವರು ಪುನೀತರೆಂದು ಘೋಷಿತರಾದರು.

ನೆರವು ಪಡೆಯುವವರ ಸಂಕೋಚವನ್ನು ನಾವು ಬಲ್ಲೆವು. ಅಕ್ಕಿಯ ಚೀಲ ಒಯ್ಯುವಾಗ ಅವರು ತಲೆಯೆತ್ತುವುದಿಲ್ಲ. ಆದರೆ ‘ಅರ್ಧ ಸೇರಿಗೆ ಏನು ಹೆಸರು?’ ಎಂಬಲ್ಲಿ ಪದವೀಧರರೆಲ್ಲ ಸೋತು ಕುಳಿತಾಗ, ಅದೇ ಚೀಲಕ್ಕಾಗಿ ಬಂದ ಅಜ್ಜಿ ‘ಅಚ್ಚೇರು ಕಣ್ರಪ್ಪಾ’ ಎಂದರೆ ಕೊಡುವವರಾರು, ಪಡೆಯುವವರಾರು?

ಹಾಳೆಯೊಂದಕ್ಕೆ ಹತ್ತು ರೂಪಾಯಿ ಸಾಕು. ಅಜ್ಜಿಯರಿಗೆ, ಮಕ್ಕಳಿಗೆ ಬಿಟ್ಟಿಯಾಗಿ ಕೊಡಿ. ಪ್ರಶ್ನೆಗಳನ್ನು ಹೆಣೆಯುವ ಕೆಲಸ ಯುವಜನರಿಗಿರಲಿ. ಬಿಡಿಸುವುದಕ್ಕಿಂತ ಹೆಣೆಯುವುದರಲ್ಲಿ ನಿದ್ದೆ ಹೆಚ್ಚು ಕೆಡುತ್ತದೆ. ಮೊದಲ ಹಾಳೆಗೆ ನಮ್ಮದೊಂದು ಇರಲಿ. ಉತ್ತರ ಹೊಳೆದವರು ಪಕ್ಕದವರಿಗೆ ಹೇಳಬೇಡಿ: ಹೆಸರಿಗೆ ರೊಟ್ಟಿಯ ಮನೆ, ಬಸುರಿ ಬಂದರೆ ಛತ್ರದಲ್ಲಿ ಸ್ಥಳವಿಲ್ಲ. ಊರು ಯಾವುದು?